ಕಾರ್ಡಿನ ಏಳನೆಯ ಸಾಲು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನ್ನ ನೆನಪಿನಲ್ಲಿ ಎಂಟು ಕಾರ್ಡುಗಳಿವೆ, ಆ ವರ್ಷದ ಡೈರಿಯಲ್ಲಿ ಏಳು ಎಂದಿದೆ. ಕ್ಯಾಂಪಿಗೆ ಹೋದದ್ದು ಬಿಳಿ ಲ್ಯಾಂಡ್ ಕ್ರೂಸರಿನಲ್ಲಿ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ, ಡೈರಿಯ ಪ್ರಕಾರ ಅದೊಂದು ಹಳೆಯ ಪಿಕಪ್. ಅವಘಡ ನಡೆದ ದಿನದ ಪುಟದಲ್ಲಂತೂ ಅದರ ಸುದ್ದಿಯೇ ಇಲ್ಲ. "ಬೂತಾಯಿ ಮೀನು ಸಿಕ್ಕಿತು. ಅಕ್ಕನಿಗೆ ಅರ್ಧ ಕೊಟ್ಟೆ" ಎಂದು ಬರೆದು ಮಲಗಿದ್ದೇನೆ. ಹಾಗಾಗಿ ಡೈರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಕೊಡುತ್ತೇನೆ, ಉಳಿದದ್ದಕ್ಕೆ ನನ್ನ ನೆನಪೇ ಗತಿ. ಒಂದು ಹಾಳೆಯ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಅದಕ್ಕೆ ನಂಬರು ಹೊಡೆದವಳು ನಾನೇ.

ಸೋವಿಯತ್ ಒಕ್ಕೂಟ ಒಡೆದು ಮೂರ್ನಾಲ್ಕು ವರ್ಷವಾಗಿತ್ತು. ಒಮಾನಿನ ಮಸ್ಕತ್ ಪಕ್ಕದ ಘಾಲಾದಲ್ಲಿ ಒಂದು ಗ್ಯಾರೇಜಿಗೂ ಟೈಲ್ಸ್ ಗೋದಾಮಿಗೂ ನಡುವೆ ಇದ್ದ ಪೈಪ್‌ಲೈನ್ ಕಂಟ್ರಾಕ್ಟರರ ಆಫೀಸಿನಲ್ಲಿ ನಾನು ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದೆ. ಒಳಬರುವ, ಹೊರಹೋಗುವ ಕಾಗದಗಳಿಗೆಲ್ಲ ಕೈಮೆಷಿನ್ನಿನಿಂದ ಪುಟಪುಟಕ್ಕೂ ನಂಬರು ಹೊಡೆಯಬೇಕು, ರಿಜಿಸ್ಟರಿನಲ್ಲಿ ನಮೂದಿಸಬೇಕು, ರಿಜಿಸ್ಟರಿನ ಆ ದಿನದ ಹಾಳೆಯ ನಕಲನ್ನು ಸಂಜೆ ಕ್ಲೈಂಟ್ ಕಂಪನಿಗೆ ಫ್ಯಾಕ್ಸ್ ಮಾಡಬೇಕು. ಒಮ್ಮೆ ನಂಬರು ಬಿದ್ದ ಹಾಳೆಯನ್ನು ತೆಗೆದರೆ ಯಾಕೆ ತೆಗೆದೆವು ಎಂದು ಬರೆದು ಮ್ಯಾನೇಜರು ಸಹಿ ಹಾಕಬೇಕು. ಮಂಗಳೂರಿನಲ್ಲಿ ಕನ್ನಡ ಎಂ.ಎ. ಮಾಡಿ, ಹಳಗನ್ನಡದ ಪದಗಳ ಹಿಂದೆ ಬಿದ್ದು ಎರಡು ವರ್ಷ ಕಳೆದು, ಆಮೇಲೆ ಮದುವೆಯಾಗಿ ಬಂದವಳಿಗೆ ಸಿಕ್ಕಿದ ಕೆಲಸ ಅದು.

ಕೊಡಿಸಿದವರು ಭಾವ, ನನ್ನ ಅಕ್ಕನ ಗಂಡ. ಅದೇ ಆಫೀಸಿನ ರೇಡಿಯೋ ಆಪರೇಟರ್. ನನ್ನ ಮೇಜಿಗೂ ಅವರ ರೇಡಿಯೋ ಕೋಣೆಗೂ ನಡುವೆ ಒಂದು ಪ್ಲೈವುಡ್ ಗೋಡೆ ಮಾತ್ರ. ದಿನವಿಡೀ ಅವರ ಧ್ವನಿ ಕೇಳುತ್ತಿತ್ತು: "ಗೋ ಅಹೆಡ್, ಕ್ಯಾಂಪ್. ಗೋ ಅಹೆಡ್." ಮಸ್ಕತ್‌ನಿಂದ ಮೂರು ಗಂಟೆ ದೂರದ ಜಲ್ಲಿಬಯಲಿನಲ್ಲಿ ಪೈಪ್ ಕೂಡಿಸುತ್ತಿದ್ದ ತಂಡಗಳೆಲ್ಲ ಅವರ ಕಿವಿಯೊಳಗೇ ಇದ್ದವು.

ಪೈಪಿಗೆ ವೆಲ್ಡಿಂಗ್ ಮಾಡುವ ಕೆಲಸವನ್ನು ಒಬ್ಬ ಟರ್ಕಿಯವನಿಗೆ ಒಳಗುತ್ತಿಗೆ ಕೊಟ್ಟಿದ್ದರು. ಫೋರ್‌ಮನ್ನೂ ಅವನೇ. ಕ್ಯಾಸ್ಪಿಯನ್ ಸಮುದ್ರದ ಆಚೀಚೆಯಿಂದ ಅವನು ವೆಲ್ಡರುಗಳನ್ನು ತಂದಿದ್ದ: ಅಜರ್ಬೈಜಾನ್, ತುರ್ಕ್‌ಮೆನಿಸ್ತಾನ್, ಉಜ್ಬೆಕಿಸ್ತಾನ್, ಕಝಾಕಸ್ತಾನ್, ಕೆಲವರು ರಷ್ಯಾದ ತತಾರರು. ಮೊನ್ನೆಯ ತನಕ ಒಂದೇ ಪಾಸ್‌ಪೋರ್ಟ್ ಇದ್ದವರು. ನಮ್ಮ ಆಫೀಸಿನಲ್ಲಿ ಅವರಿಗೆಲ್ಲ ಸೇರಿ ಒಂದೇ ಹೆಸರು, "ಟರ್ಕಿಯವರು."

ಅಕ್ಟೋಬರಿನ ಒಂದು ಸಂಜೆ ಪೈಪ್ ರಾಶಿಯ ಕೆಳಗೆ ಮರದ ತುಂಡು ಸರಿಸಲು ಕೈ ಹಾಕಿದ ಕಝಾಕ್ ವೆಲ್ಡರ್ ಒಬ್ಬನಿಗೆ ಹಾವು ಕಚ್ಚಿತು. ರೇಡಿಯೋದಲ್ಲಿ ಅರೆಬರೆ ಇಂಗ್ಲಿಷಿನಲ್ಲಿ ಕರೆದವನು ಅವನ ಜೊತೆಗಾರ, ಐವತ್ತು ದಾಟಿದ ಇನ್ನೊಬ್ಬ ಕಝಾಕ್. ಅವತ್ತಿನ ಲಾಗ್ ಪುಟ ಆಮೇಲೆ ನನ್ನ ಕೈಯಿಂದಲೇ ನಂಬರು ಹೊಡೆಸಿಕೊಂಡು ಹೋದದ್ದರಿಂದ ಅದು ನನಗೆ ಬಾಯಿಪಾಠ. ಐದು ಇಪ್ಪತ್ತು: ಮೂರನೇ ತಂಡ, ಪೈಪ್ ರಾಶಿಯ ಹತ್ತಿರ ಮನುಷ್ಯ ಬಿದ್ದಿದ್ದಾನೆ, ಬನ್ನಿ. ಐದು ಇಪ್ಪತ್ತೊಂದು: ಏನಾಯಿತೆಂದು ಕೇಳಲಾಯಿತು, ಉತ್ತರವಿಲ್ಲ. ಐದು ಇಪ್ಪತ್ತ್ಮೂರು: ಮತ್ತೆ ಕೇಳಲಾಯಿತು, ಬನ್ನಿ ಎಂದಷ್ಟೇ. ಐದು ಇಪ್ಪತ್ತಾರು: ಮತ್ತೆ ಕೇಳಲಾಯಿತು, ಉತ್ತರವಿಲ್ಲ. ಬಿಸಿಲಿನ ಆಯಾಸ ಇರಬಹುದೆಂದು ಕ್ಲಿನಿಕ್ಕಿಗೆ ತಿಳಿಸಲಾಯಿತು.

ಬಿಸಿಲಿನ ಆಯಾಸ ದಿನಕ್ಕೊಂದು ಇರುತ್ತಿತ್ತು. ಕ್ಯಾಂಪಿನ ಮೇಲ್ ನರ್ಸ್ ಗ್ಲೂಕೋಸ್ ಬಾಟಲಿ ಹಿಡಿದು, ಆ ಕಡೆ ಹೋಗುತ್ತಿದ್ದ ನೀರಿನ ಟ್ಯಾಂಕರಿನಲ್ಲಿ ಹತ್ತಿ ಹೋದರು. ಆಂಬುಲೆನ್ಸ್ ಬೇರೆ ಕಡೆ ಇತ್ತು. ಕೈ ಊದಿದ್ದು ನೋಡಿ ಅದನ್ನು ಕರೆಸಿ, ದೊಡ್ಡಾಸ್ಪತ್ರೆ ಮುಟ್ಟಿಸುವ ಹೊತ್ತಿಗೆ ಬಹಳ ತಡವಾಗಿತ್ತು. ಮನುಷ್ಯ ಉಳಿದ. ಬಲಗೈಯ ಎರಡು ಬೆರಳು ಉಳಿಯಲಿಲ್ಲ.

ಶನಿವಾರ ಸೇಫ್ಟಿ ಆಫೀಸರ್ ನನ್ನ ಮೇಜಿಗೆ ಬಂದರು. ಉತ್ತರ ಭಾರತದ ನಿವೃತ್ತ ಸುಬೇದಾರ್, ಮಾತೆಲ್ಲ ಹಿಂದಿಯಲ್ಲಿ. "ಮೇಡಂಜೀ, ನೀವು ಭಾಷೆ ಓದಿದವರಂತೆ. ಅಪಾಯಗಳ ಒಂದು ಪಟ್ಟಿ ಮಾಡಿ. ಬಿಸಿಲು, ಬೆಂಕಿ, ಗ್ಯಾಸ್, ವಾಹನ, ಎತ್ತರದಿಂದ ಬಿದ್ದದ್ದು, ಚೇಳು, ಹಾವು. ಏಳು. ಈ ಟರ್ಕಿಯವರ ಭಾಷೆಯಲ್ಲಿ ಏನೇನು ಹೇಳ್ತಾರೆ ಅಂತ ಬರೆದು ರೇಡಿಯೋ ಕೋಣೆಯಲ್ಲಿ ಅಂಟಿಸಿಬಿಡುವ. ಖಲಾಸ್."

"ಅದು ಒಂದೇ ಭಾಷೆ ಅಲ್ಲ, ಸರ್."

"ಫೋರ್‌ಮನ್ ಒಂದೇ ಅಂತಾನೆ."

ಫೋರ್‌ಮನ್ನನ್ನೂ ಕೇಳಿದೆ. ಅವನು ಎದೆ ತಟ್ಟಿಕೊಂಡು, "ಎಲ್ಲ ನನ್ನ ತಮ್ಮಂದಿರು. ನನ್ನ ಮಾತು ಬರೆದುಕೊಳ್ಳಿ, ಸಾಕು. ಯಿಲಾನ್. ಎಲ್ಲರಿಗೂ ತಿಳಿಯುತ್ತದೆ" ಎಂದ. ಆ ಪದದ ಮೊದಲ ಸ್ವರ ಇಕಾರವೂ ಅಲ್ಲ, ಉಕಾರವೂ ಅಲ್ಲ. ತುಳುವಿನಲ್ಲಿ ಮಾತಿನ ಕೊನೆಗೆ ತುಟಿ ದುಂಡಗೆ ಮಾಡದೆ ಬಿಡುವ ಅರೆ ಉಕಾರ ಉಂಟಲ್ಲ, ಕನ್ನಡ ಲಿಪಿಯಲ್ಲಿ ಅಕ್ಷರ ಸಿಗದ್ದು, ಹೆಚ್ಚುಕಡಿಮೆ ಅದೇ. ನಾನು ಹಾಗೆಯೇ ತಿರುಗಿ ಹೇಳಿದೆ. ಫೋರ್‌ಮನ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೇಡಂ, ನಿಮ್ಮ ಅಜ್ಜ ನಮ್ಮ ಕಡೆಯವನೇ?" ಎಂದ.

ಅವನೊಬ್ಬನ ಮಾತು ಸಾಲದು ಎಂದು ಹಠ ಹಿಡಿದವಳು ನಾನು. ಮುಂದಿನ ಎಲ್ಲಕ್ಕೂ ಮೂಲ ಆ ಹಠ. ಗಟ್ಟಿ ಕಾಗದದ ಕಾರ್ಡು ಕತ್ತರಿಸಿ, ಶಾಲೆಯ ಚಾರ್ಟಿನಿಂದ ಏಳು ಚಿತ್ರ ಬಿಡಿಸಿ ಅಂಟಿಸಿ, ಜೆರಾಕ್ಸ್ ಮಾಡಿ, ಪ್ರತಿ ಚಿತ್ರದ ಮುಂದೆ ಖಾಲಿ ಗೆರೆ ಬಿಟ್ಟೆ. ಭಾಷೆಗೊಂದರಂತೆ ರೇಷನ್ ಲಾರಿಯಲ್ಲಿ ಕಳಿಸಿದೆ. ಹತ್ತು ದಿನಕ್ಕೆ ಎಲ್ಲ ತುಂಬಿಕೊಂಡು ಬಂದವು. ಕೆಲವು ರೋಮನ್ ಅಕ್ಷರ, ಹೆಚ್ಚಿನವು ರಷ್ಯನ್ ಅಕ್ಷರ. ನಮ್ಮ ಟೈಪ್‌ರೈಟರಿನಲ್ಲಿ ಅವು ಇಲ್ಲದ್ದರಿಂದ ಡ್ರಾಯಿಂಗ್ ಪೆನ್ನಿನಲ್ಲಿ ಒಂದೊಂದಾಗಿ ಬರೆದೆ, ಓದುವುದನ್ನು ಆಫೀಸಿನ ಹಳೆಯ ಅಟ್ಲಾಸಿನಿಂದ ಕಲಿತೆ.

ಏಳನೆಯ ಸಾಲನ್ನು ಒಟ್ಟಿಗೆ ಬರೆದುಕೊಂಡ ಆ ಮಧ್ಯಾಹ್ನದ ಸಂತೋಷ ಡೈರಿಯಲ್ಲಿ ಎರಡು ಪುಟ ತುಂಬಿದೆ. ಟರ್ಕಿಯವನದು ಯಿಲಾನ್. ಅಜರ್ಬೈಜಾನಿನವನದು ಇಲಾನ್, ಮೊದಲ ಯಕಾರ ಉದುರಿದೆ. ತುರ್ಕ್‌ಮೆನ್ ಯಕಾರ ಉಳಿಸಿಕೊಂಡಿದ್ದಾನೆ. ಉಜ್ಬೆಕ್ ಇಲೋನ್ ಎಂದು ಬಾಯಿ ದುಂಡಗೆ ಮಾಡುತ್ತಾನೆ. ತತಾರನದು ಬರವಣಿಗೆಯಲ್ಲಿ ಎಲಾನ್, ಓದುವಾಗ ಯೆಲಾನ್. ಕಝಾಕನಲ್ಲಿ ಯಕಾರವೇ ಜಕಾರದ ಕಡೆ ಜಾರಿ ಜಿಲಾನ್. ಮೊದಲ ಅಕ್ಷರ ಸಾವಿರಾರು ಮೈಲಿಗಳಲ್ಲಿ ಸವೆದಿದೆ, ತಿರುಚಿದೆ, ಬಿದ್ದುಹೋಗಿದೆ. ಆಮೇಲಿನ ಲಕಾರ ನಕಾರ ಅಲುಗಿಲ್ಲ. ಪಾವು ಎಂಬುದು ಹಾವು ಆದ ಭಾಷೆಯಿಂದ ಬಂದವಳಿಗೆ ಇದು ಗುರುತಿನ ಆಟ. ಆರು ಪದ ಒಂದೇ ಬೇರಿನವು ಎಂದು ಯಾವ ಪುಸ್ತಕವೂ ಇಲ್ಲದೆ ನಾನೇ ಕಂಡುಕೊಂಡೆ ಎಂಬ ಜಂಬ ಬಂತು. ಎಂ.ಎ. ಮುಗಿಸಿದ ಮೇಲೆ ಮೊದಲ ಬಾರಿ ಓದಿದ್ದು ಉಪಯೋಗಕ್ಕೆ ಬಂತು ಎಂದು ಬರೆದಿದ್ದೇನೆ.

ಏಳನೆಯ ಕಾರ್ಡು ಮಾತ್ರ ಸಾಲಿಗೆ ಬರಲಿಲ್ಲ. ಅದನ್ನು ತುಂಬಿದವನು ಸೈಬೀರಿಯಾದ ಯಾಕುತ್ ಎಂಬ ಜನದ ಮೆಕ್ಯಾನಿಕ್. ಅವನ ಭಾಷೆಯೂ ಇದೇ ಕುಟುಂಬದ್ದು ಎಂದು ಫೋರ್‌ಮನ್ ಹೇಳಿದ್ದ. ಆದರೆ ಅಲ್ಲಿದ್ದದ್ದು ಎರಡು ಪದ: ಎರಿಯೆನ್ ಉಯೋನ್. ಲಕಾರವೇ ಇಲ್ಲ. ತಪ್ಪು ಚಿತ್ರ ನೋಡಿ ಬರೆದಿರಬೇಕು ಎಂದು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಹಾಕಿದೆ.

ಸೇಫ್ಟಿ ಆಫೀಸರರಿಗೆ ಪಟ್ಟಿ ಬಹಳ ಹಿಡಿಸಿತು. "ಇನ್ನು ಉಚ್ಚಾರ ಟೇಪ್ ಮಾಡಿ ತನ್ನಿ. ರೇಡಿಯೋದವರ ಕಿವಿಗೆ ಅಭ್ಯಾಸ ಆಗಲಿ" ಎಂದರು.

ಕ್ಯಾಂಪಿಗೆ ಹೋದ ಪಿಕಪ್ಪಿನಲ್ಲಿ ರಜೆ ಮುಗಿಸಿ ಬಂದ ನರ್ಸ್ ಜೊತೆಗಿದ್ದರು. ಉಡುಪಿ ಕಡೆಯ ಕ್ಯಾಥೊಲಿಕರು, ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಕನ್ನಡ. ದಾರಿಯುದ್ದಕ್ಕೂ ಒಂದೇ ಮಾತು. "ನೋಡಿ ಮಾರ್ರೆ, ನಾನು ಗ್ಲೂಕೋಸ್ ಹಿಡ್ಕೊಂಡು ಹೋದದ್ದು. ಗ್ಲೂಕೋಸ್. ಅವನ ಕೈ ಹಲಸಿನ ಹಣ್ಣಿನ ಹಾಗೆ. ನಾನು ಹೋಗಿ ನಿಂತದ್ದು ಮದುವೆ ಮನೆಗೆ ಶರಬತ್ತು ತಂದವನ ಹಾಗೆ."

"ಯಾರೂ ಹೇಳಲಿಲ್ಲವಾ ನಿಮಗೆ?"

"ಅಲ್ಲಿ ಹೋದ ಮೇಲೂ ಯಾರೂ ಹೇಳಿದ್ದಿಲ್ಲ. ಆ ಮುದುಕ ಪೈಪಿನ ಕಡೆ ಕೈ ತೋರಿಸಿದ. ಮತ್ತೆ ನಾನೇ ಹಲ್ಲಿನ ಗುರುತು ನೋಡಿದ್ದು."

ಈ ಮಾತಿನ ಮೇಲೆ ಆಗಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನನ್ನ ತಲೆಯಲ್ಲಿ ಲಕಾರ ನಕಾರ ಓಡುತ್ತಿದ್ದವು.

ಊಟದ ಹೊತ್ತಿಗೆ ಮೆಸ್ಸಿನ ಮೂಲೆಯ ಮೇಜಿನಲ್ಲಿ ಟೇಪ್ ರೆಕಾರ್ಡರ್ ಇಟ್ಟು ಒಬ್ಬೊಬ್ಬರನ್ನೇ ಕರೆದೆ. ಮೆಕ್ಯಾನಿಕ್ ಹಿಂದೆ ಹೆಲಿಕಾಪ್ಟರ್ ರಿಪೇರಿಗೆ ಊರೂರು ತಿರುಗಿದವನು, ಇಂಗ್ಲಿಷ್ ಬರುತ್ತಿತ್ತು. ಉಳಿದವರ ರಷ್ಯನ್ ಮಾತನ್ನು ನನಗೆ ಹೇಳುತ್ತಿದ್ದ. ಅಜರ್ಬೈಜಾನಿನವನು ಬಂದ, ಬಿಸಿಲು ಬೆಂಕಿ ಗ್ಯಾಸ್ ವಾಹನ ಎಲ್ಲ ಹೇಳಿದ, ಚೇಳನ್ನೂ ಹೇಳಿದ, ಏಳನೆಯದಕ್ಕೆ ಚಿತ್ರದ ಮೇಲೆ ಬೆರಳಿಟ್ಟು ಎದ್ದು ಹೋದ. ತುರ್ಕ್‌ಮೆನ್ ಬಂದ. ಅವನೂ ಹಾಗೆಯೇ. ಉಜ್ಬೆಕ್, ನಾನೇ ಓದಿ ಹೇಳಿದಾಗ ತಲೆಯಾಡಿಸಿದ, ಬಾಯಿ ಬಿಡಲಿಲ್ಲ. ರೇಡಿಯೋದಲ್ಲಿ ಕರೆದಿದ್ದ ಕಝಾಕ್ ಮುದುಕನ ಸರದಿ ಬಂದಾಗ ನನ್ನ ತಾಳ್ಮೆ ಮುಗಿದಿತ್ತು. ಮೈಕನ್ನು ಅವನ ಬಾಯಿಯ ಹತ್ತಿರ ತಂದು, "ಜಿಲಾನ್. ಒಮ್ಮೆ ಹೇಳಿ. ಜಿಲಾನ್" ಎಂದೆ. ಅವನು ಮೈಕಿನ ಮೇಲೆ ಅಂಗೈ ಮುಚ್ಚಿದ. ಒರಟಾಗಿ ಅಲ್ಲ, ಕಾಯಿಸಿದ ಹಾಲಿಗೆ ತಟ್ಟೆ ಮುಚ್ಚಿದ ಹಾಗೆ. ಎದ್ದು ಹೊರಗೆ ಹೋದ.

ಮೆಸ್ಸಿನ ಆ ತುದಿಯಿಂದ ಫೋರ್‌ಮನ್ ನಗುತ್ತಾ, "ಯಿಲಾನ್! ಯಿಲಾನ್! ಬರೆದುಕೊಳ್ಳಿ ಮೇಡಂ" ಎಂದು ಕೂಗಿದ. ಯಾರೂ ನಗಲಿಲ್ಲ. ಟೇಪಿನಲ್ಲಿ ಆ ಪದ ಇರುವುದು ಅವನ ಧ್ವನಿಯಲ್ಲಿ ಎರಡು ಸಲ, ನನ್ನ ಧ್ವನಿಯಲ್ಲಿ ಐದೋ ಆರೋ ಸಲ. ಬೇರೆ ಯಾರದೂ ಇಲ್ಲ.

ನಾನು ಮೆಕ್ಯಾನಿಕ್ಕನ ಮೇಲೆ ಸಿಟ್ಟು ತೀರಿಸಿಕೊಂಡೆ. "ನೀವೂ ತಪ್ಪು ಬರೆದಿದ್ದೀರಿ. ಇದು ಹಾವಿನ ಹೆಸರಲ್ಲ."

"ನಮ್ಮಲ್ಲಿ ಅದೇ ಹೆಸರು" ಎಂದ. "ಚುಕ್ಕೆಚುಕ್ಕೆ ಹುಳ ಅಂತ ಅರ್ಥ."

"ಹುಳವಾ?"

"ಹಿಂದಿನವರು ನಿಜವಾದ ಹೆಸರು ಹೇಳುತ್ತಿರಲಿಲ್ಲ. ಹೇಳದೆ ಹೇಳದೆ ಅದು ಹೋಯಿತು. ಏನಿತ್ತು ಅಂತ ನನಗೂ ಗೊತ್ತಿಲ್ಲ, ನನ್ನ ಅಪ್ಪನಿಗೂ ಗೊತ್ತಿರಲಿಲ್ಲ."

ಅವನ ಕಾರ್ಡು ನನ್ನ ಕೈಯಲ್ಲೇ ಇತ್ತು. ನಾನು ಹುಟ್ಟಿದ ಮನೆಯ ಹಿತ್ತಿಲಿನಲ್ಲಿ ನಾಗಬನ ಇತ್ತು. ಅಜ್ಜಿ ಒಮ್ಮೆಯೂ ಆ ಹೆಸರು ಹೇಳಿದ್ದು ನಾನು ಕೇಳಿಲ್ಲ. ಹುಳ, ಬಳ್ಳಿ, ತೀರಾ ಆದರೆ "ಒಳ್ಳೆಯದು." ಪಕ್ಕದ ಮನೆಯ ಒಕ್ಕಲಿನವನಿಗೆ ಕಚ್ಚಿದಾಗ ಅವನು ಮದ್ದು ಮುಗಿಸಿ ಎದ್ದು ಅಂಗಳಕ್ಕೆ ಬರುವ ತನಕ ನಮ್ಮ ಮನೆಯಲ್ಲಿ ಹುಳ ಎಂದೂ ಯಾರೂ ಹೇಳಲಿಲ್ಲ. ಮುಸ್ಸಂಜೆಗೆ ಬಾಯಿ ತಪ್ಪಿ ಹೇಳಿದ್ದಕ್ಕೆ ನನ್ನ ತುಟಿಯ ಮೇಲೆ ಬಿದ್ದ ಪೆಟ್ಟು ನೆನಪಿದೆ. ಇದೆಲ್ಲ ಗೊತ್ತಿದ್ದವಳು, ಜೊತೆಗಾರ ಆಸ್ಪತ್ರೆಯಲ್ಲಿ ಮಲಗಿರುವಾಗ ಆ ಮುದುಕನ ಬಾಯಿಗೆ ಮೈಕ್ ಹಿಡಿದು ಹೆಸರು ಹೇಳು ಎಂದು ಪೀಡಿಸಿದ್ದೆ. ನಮ್ಮ ಊರಿನವರು ನನ್ನನ್ನು ಆಗ ನೋಡಬೇಕಿತ್ತು.

ಮೆಕ್ಯಾನಿಕ್ಕನನ್ನು ಕರೆದುಕೊಂಡು ಮುದುಕನ ಹತ್ತಿರ ಹೋದೆ. ಅವನು ವೆಲ್ಡಿಂಗ್ ಜನರೇಟರಿನ ನೆರಳಿನಲ್ಲಿ ಕೂತಿದ್ದ. ನನ್ನ ತಪ್ಪು ಹೇಳಿಕೊಂಡೆ, ಅಜ್ಜಿಯ ವಿಷಯವನ್ನೂ. ಅವನು ಪೂರ್ತಿ ಕೇಳಿ, ಮಾತಾಡಿದ. ಮೆಕ್ಯಾನಿಕ್ ಹೇಳಿದ್ದನ್ನು ಅಲ್ಲೇ ಕಾರ್ಡಿನ ಹಿಂದೆ ಬರೆದುಕೊಂಡೆ, ಅದು ಈಗಲೂ ನನ್ನ ಹತ್ತಿರ ಇದೆ:

"ಕಚ್ಚಿಸಿಕೊಂಡವನು ಕೇಳಿಸಿಕೊಳ್ಳುವಷ್ಟು ಹತ್ತಿರ ಇದ್ದಾಗ ಅದರ ಹೆಸರು ಹೇಳುವುದಿಲ್ಲ. ಯಾವ ಭಾಷೆಯಲ್ಲೂ ಇಲ್ಲ. ದೂರ ಇದ್ದರೂ ಅವನು ಎದ್ದು ಬರುವ ತನಕ ಇಲ್ಲ. ನಮ್ಮ ಹಳ್ಳಿಯ ಪದ್ಧತಿ, ಬೇರೆಯವರದು ಗೊತ್ತಿಲ್ಲ. ಅವರು ನಮ್ಮ ಜೊತೆ ಸುಮ್ಮನಿದ್ದಾರೆ, ಅದು ಅವರ ದೊಡ್ಡತನ. ರೇಡಿಯೋದವನು ಏನಾಯಿತು, ಏನಾಯಿತು ಎಂದು ಮೂರು ಸಲ ಕೇಳಿದ. ಅದಾ ಎಂದು ಅವನೇ ಹೆಸರು ಹೇಳಿ ಕೇಳಿದ್ದರೆ ನಾನು ಹೌದು ಎನ್ನುತ್ತಿದ್ದೆ. ಹೌದು ಎನ್ನಲು ಅಡ್ಡಿಯಿಲ್ಲ."

ಮರಳಿ ಬರುವಾಗ ಪಟ್ಟಿಯ ಬಗ್ಗೆ ನನಗಿದ್ದ ಜಂಬ ಉಳಿದಿರಲಿಲ್ಲ. ಆರು ಪದ ಒಂದೇ ಬೇರಿನವು, ನಿಜ. ಯಾರೂ ಬಾಯಿಬಿಟ್ಟು ಹೇಳದ ಪದಗಳನ್ನು ರೇಡಿಯೋ ಕೋಣೆಯ ಗೋಡೆಗೆ ಅಂಟಿಸಿ ಏನು ಮಾಡುವುದು?

ಮರುದಿನ ಸೇಫ್ಟಿ ಆಫೀಸರ್ ವರದಿಯನ್ನು ನಂಬರಿಗೆಂದು ತಂದಿಟ್ಟರು. ಐದು ಪುಟ. ನಾಲ್ಕನೆಯದು ನನ್ನ ಪಟ್ಟಿ. ಐದನೆಯದರಲ್ಲಿ ತೀರ್ಮಾನ: ಎಲ್ಲ ತಂಡಗಳಿಗೂ ಅಪಾಯದ ಪದ ಗೊತ್ತಿದೆ ಎಂಬುದು ಪಟ್ಟಿಯಿಂದ ಸಿದ್ಧ, ಆದರೂ ಕರೆದವನು ಹೇಳಲಿಲ್ಲ, ಜೊತೆಗಾರನ ಗಾಯ ಹೆಚ್ಚಾಗಲು ಅವನೇ ಕಾರಣ, ಅವನ ವೀಸಾ ರದ್ದು ಮಾಡಿ ಮುಂದಿನ ವಿಮಾನದಲ್ಲಿ ಕಳಿಸುವುದು. ಮತ್ತೆ ಈ ದೇಶಕ್ಕೆ ಬರದಂತೆ ಟಿಪ್ಪಣಿ.

"ಇದಕ್ಕಾ ನನ್ನ ಪಟ್ಟಿ?" ಎಂದೆ.

"ಪಟ್ಟಿ ಇದ್ದದ್ದಕ್ಕೆ ಇದು ಇಷ್ಟು ಚೊಕ್ಕವಾಯಿತು, ಮೇಡಂಜೀ."

ಹೇಳಲಿಲ್ಲ ಎಂಬುದಲ್ಲ, ಅಂಥ ಹೊತ್ತಿನಲ್ಲಿ ಆ ಹೆಸರು ಹೇಳುವುದೇ ಇಲ್ಲ ಎಂದು ವಿವರಿಸಿದೆ. ಅವರು ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ. "ಸೇನೆಯಲ್ಲಿ ಗುಂಡು ಬಿದ್ದರೆ ಗುಂಡು ಅಂತ ಹೇಳಬೇಕು. ಹೆಸರು ಹೇಳಿದರೆ ಗುಂಡು ತಿರುಗಿ ಬರ್ತದೆ ಅಂತ ಕೂತರೆ?" ಎಂದರು. "ಮೂಢನಂಬಿಕೆಗೆ ವರದಿಯಲ್ಲಿ ಜಾಗ ಇಲ್ಲ. ಯಲ್ಲಾ, ಬೇಗ ನಂಬರು ಹೊಡೆಯಿರಿ."

ನಾನು ಹೊಡೆಯಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಒಂದು ಹಾಳೆ ಟೈಪ್ ಮಾಡಿದೆ. ಪಟ್ಟಿ ತಯಾರಿಸಿದವಳ ಟಿಪ್ಪಣಿ ಎಂದು ತಲೆಬರಹ. ಕಾರ್ಡುಗಳನ್ನು ಎಲ್ಲರೂ ಬರೆದು ಕೊಟ್ಟರು, ಏಳನೆಯ ಸಾಲನ್ನು ಫೋರ್‌ಮನ್ ಬಿಟ್ಟು ತಂಡದ ಒಬ್ಬನೂ ಬಾಯಿಂದ ಹೇಳಿಲ್ಲ, ಟೇಪ್ ಸಾಕ್ಷಿ. ಇದು ಅವಿಧೇಯತೆಯಲ್ಲ, ಪದ್ಧತಿ. ಹಾಗಾಗಿ ಪಟ್ಟಿಯ ಸಾಲುಗಳಿಗೆ ಸಂಖ್ಯೆ ಕೊಟ್ಟು, ಕರೆಯುವವನು ಸಂಖ್ಯೆ ಹೇಳಿದರೆ ಸಾಕು ಎಂದು ಮಾಡಬೇಕು. ಕೊನೆಯ ವಾಕ್ಯ ಬರೆಯಲು ಹೆಚ್ಚು ಹೊತ್ತು ಹಿಡಿಯಿತು: ಹೆಸರು ಹೇಳಿ ಕೇಳಿದ್ದರೆ ಹೌದೆನ್ನುತ್ತಿದ್ದೆ ಎಂದು ಕರೆದವನು ಹೇಳುತ್ತಾನೆ, ರೇಡಿಯೋ ಕೋಣೆಯಿಂದ ಹಾಗೆ ಕೇಳಿದ ದಾಖಲೆ ಲಾಗಿನಲ್ಲಿ ಇಲ್ಲ.

ಅದನ್ನು ಮೊದಲು ಭಾವನಿಗೆ ತೋರಿಸಿದೆ. ನಾವು ಮಾತಾಡಿದ್ದು ತುಳುವಿನಲ್ಲಿ, ಕನ್ನಡದಲ್ಲಿ ಬರೆಯುವಾಗ ಅದರ ಬಿಸಿ ಸ್ವಲ್ಪ ಆರಿರಬಹುದು. ಅವರು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಓದಿದರು.

"ಮೇಲಿನದ್ದೆಲ್ಲ ಸರಿ ಉಂಟು. ಈ ಕೊನೆಯ ಸಾಲು ಎಂಥದಕ್ಕೆ?"

"ಅದಿಲ್ಲದಿದ್ದರೆ ಉಳಿದದ್ದು ಬರೀ ಅಜ್ಜಿಕತೆ ಅಂತಾರೆ, ಭಾವ."

"ಅದಿದ್ದರೆ ನನ್ನ ಕತೆ ಮುಗೀತದೆ. ಗೊತ್ತುಂಟಲ್ಲ?"

"ನೀವು ಕೇಳಿರಲಿಲ್ಲ ಅಂತ ಲಾಗಿನಲ್ಲೇ ಉಂಟು. ಬರೆದದ್ದು ನೀವೇ."

"ಲಾಗನ್ನು ಯಾರು ಓದ್ತಾರೆ ಮಾರಾಯ್ತಿ? ನೀನು ಬೆರಳಿಟ್ಟು ತೋರಿಸಿದ ಮೇಲೆ ಎಲ್ಲರೂ ಓದ್ತಾರೆ." ಕಾಗದವನ್ನು ನನ್ನ ಕಡೆ ತಳ್ಳಿದರು. "ಈ ಕುರ್ಚಿಯಲ್ಲಿ ನಿನ್ನನ್ನು ಕೂರಿಸಿದ್ದು ಯಾರು ಅಂತ ಒಮ್ಮೆ ಯೋಚಿಸು. ಆ ಮುದುಕ ನಿನಗೆ ಎಂಥ ಆಗಬೇಕು?"

"ಏನೂ ಆಗಬೇಕಿಲ್ಲ."

"ಮತ್ತೆ?"

ಅಷ್ಟರಲ್ಲಿ ಕ್ಯಾಂಪಿನಿಂದ ಕರೆ ಬಂತು. ಅವರು ಹೆಡ್‌ಫೋನ್ ಎಳೆದುಕೊಂಡು "ಗೋ ಅಹೆಡ್" ಎಂದರು. ನಾನು ಹೊರಗೆ ಬಂದೆ.

ಆ ವಾಕ್ಯವನ್ನು ಬಿಡಬಹುದಿತ್ತೇ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅಪರಿಚಿತನಿಗಾಗಿ ಮನೆಯವರನ್ನು ಎಳೆದು ತರುವುದರಲ್ಲಿ ಒಂದು ಬಗೆಯ ಹಮ್ಮೂ ಇರುತ್ತದೆ, ನನ್ನಲ್ಲಿ ಅದು ಇರಲಿಲ್ಲ ಎಂದು ಆಣೆ ಹಾಕಲಾರೆ. ಆದರೆ ಅವತ್ತು ಲೆಕ್ಕ ಸರಳವಾಗಿ ಕಂಡಿತ್ತು. ಇಬ್ಬರು ಮಾತಾಡಿದ ರೇಡಿಯೋದಲ್ಲಿ ಒಬ್ಬನ ಮೌನ ಮಾತ್ರ ಅಪರಾಧ ಎಂದು ನನ್ನ ಪಟ್ಟಿಯ ಮೇಲೆ ನಿಂತು ಹೇಳಲು ನಾನು ಬಿಡುವುದಿಲ್ಲ.

ಸಂಜೆ ನಾಲ್ಕಕ್ಕೆ ಆಫೀಸು ಮತ್ತೆ ತೆರೆದಾಗ ಮೊದಲು ಬಂದವಳು ನಾನು. ನಂಬರಿಂಗ್ ಮೆಷಿನ್ನಿಗೆ ಶಾಯಿ ಹಾಕಿದೆ. ವರದಿಯ ಐದು ಪುಟದ ನಡುವೆ, ಪಟ್ಟಿಯ ಹಿಂದೆಯೇ ನನ್ನ ಹಾಳೆಯನ್ನು ಸೇರಿಸಿ ಆರಕ್ಕೂ ಸಾಲಾಗಿ ನಂಬರು ಹೊಡೆದೆ. ರಿಜಿಸ್ಟರಿನಲ್ಲಿ "ಆರು ಪುಟ" ಎಂದು ಬರೆದೆ. ಆ ದಿನದ ಹಾಳೆ ಕ್ಲೈಂಟಿಗೆ ಹೊರಡುವುದು ಆರು ಗಂಟೆಗೆ, ನಾನು ನಾಲ್ಕೂವರೆಗೇ ಫ್ಯಾಕ್ಸ್ ಮಾಡಿದೆ. ನನ್ನ ಕೆಲಸದ ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ.

ಸೇಫ್ಟಿ ಆಫೀಸರ್ ಆ ಹಾಳೆ ಕಿತ್ತು ತೆಗೆದು ಉಳಿದ ಐದನ್ನು ಲಕೋಟೆಯಲ್ಲಿ ಹಾಕಿ ಕಳಿಸಿದರು. ಎರಡು ದಿನ ಏನೂ ಆಗಲಿಲ್ಲ. ಮುದುಕನ ಟಿಕೆಟ್ ಬುಕ್ ಆಯಿತು, ಅದರ ಕಾಗದಕ್ಕೂ ನಾನೇ ನಂಬರು ಹೊಡೆದೆ. ಮೂರನೆಯ ದಿನ ಕ್ಲೈಂಟ್ ಆಫೀಸಿನಿಂದ ಫೋನು: ನಿಮ್ಮ ರಿಜಿಸ್ಟರಿನಲ್ಲಿ ಆರು ಪುಟ, ನಮಗೆ ಬಂದದ್ದು ಐದು, ನಡುವಿನ ನಂಬರು ಎಲ್ಲಿ? ತೆಗೆದದ್ದಕ್ಕೆ ಕಾರಣ ಬರೆಯಬೇಕಿತ್ತು, ಮ್ಯಾನೇಜರು ಸಹಿ ಹಾಕಬೇಕಿತ್ತು. ಮ್ಯಾನೇಜರು ಅಂಥ ಕಾರಣಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ನನ್ನನ್ನು ಕರೆದು ಬಾಗಿಲು ಹಾಕಿ ಅರ್ಧ ಗಂಟೆ ಬೈದರು. ಒಂದು ಎಚ್ಚರಿಕೆ ಪತ್ರ ಕೊಟ್ಟರು.

"ಇದಕ್ಕೂ ನಂಬರು ಹೊಡೆಯಬೇಕು, ಸರ್" ಎಂದು ಅದನ್ನು ಅವರೆದುರೇ ರಿಜಿಸ್ಟರಿಗೆ ಸೇರಿಸಿದೆ. ಈಗ ನೆನೆದರೆ ನಗು ಬರುತ್ತದೆ.

ಕಿತ್ತ ಹಾಳೆಯೂ ಕ್ಲೈಂಟಿಗೆ ಹೋಯಿತು. ಕ್ಲೈಂಟಿನವರು ಟೇಪ್ ತರಿಸಿಕೊಂಡು ಕೇಳಿದರು. ವಾರದೊಳಗೆ ಬಂದ ಉತ್ತರ ಮೂರು ಸಾಲಿನದು. ಒಂದು, ಎಲ್ಲ ತಂಡಗಳಿಗೂ ಸಂಖ್ಯೆ ಇರುವ ಚಿತ್ರಕಾರ್ಡು ಕೊಡುವುದು. ಎರಡು, ಕರೆದವನ ಮೇಲಿನ ಕ್ರಮ ಕೈಬಿಡುವುದು. ಮೂರು, ಅನುಮಾನ ಬಂದ ಅಪಾಯವನ್ನು ಹೆಸರಿಸಿ ಕೇಳದ ರೇಡಿಯೋ ಆಪರೇಟರನ್ನು ಆ ಕೆಲಸದಿಂದ ಬದಲಿಸುವುದು.

ಭಾವನನ್ನು ಆಫೀಸಿನ ಹಿಂದಿನ ಗೋದಾಮಿಗೆ ಹಾಕಿದರು, ವೆಲ್ಡಿಂಗ್ ರಾಡು, ಗ್ಲೋವ್ಸ್, ಬೂಟು ಕೊಡುವ ಕಿಟಕಿಗೆ. ಹನ್ನೊಂದು ವರ್ಷ ಮೈಕಿನ ಮುಂದೆ ಕೂತಿದ್ದವರ ಜಾಗಕ್ಕೆ ಹೊಸಬ ಬಂದ. ಶುಕ್ರವಾರಗಳಲ್ಲಿ ಅಲ್ ಅಜೈಬಾದ ಅಕ್ಕನ ಮನೆಯಿಂದ ನಮ್ಮ ಮನೆಗೆ ಬರುತ್ತಿದ್ದ ನೀರುದೋಸೆಯ ಡಬ್ಬಿ ನಿಂತಿತು. ನಾನೇ ಹೋದಾಗ ಅಕ್ಕ ಬಾಗಿಲು ತೆರೆದು, "ಮಕ್ಕಳು ಓದ್ತಾ ಇದ್ದಾರೆ" ಎಂದಳು. ಅವರು ಒಳಗೆ ಟೀವಿ ನೋಡುತ್ತ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದದ್ದು ಕೇಳಿಸುತ್ತಿತ್ತು.

ಕಾರ್ಡುಗಳನ್ನು ನಾನೇ ಮಾಡಿದೆ. ಏಳು ಚಿತ್ರ, ಏಳು ಸಂಖ್ಯೆ, ಲ್ಯಾಮಿನೇಶನ್, ಕುತ್ತಿಗೆಗೆ ಹಾಕಲು ದಾರ. ಏಳನೆಯ ಸಾಲಿನಲ್ಲಿ ಪದಗಳನ್ನು ಅಚ್ಚು ಹಾಕಲಿಲ್ಲ. ಅಷ್ಟು ಆಸೆಯಿಂದ ಸಾಲುಗೂಡಿಸಿದ್ದ ಯಿಲಾನ್, ಇಲೋನ್, ಜಿಲಾನ್‌ಗಳು ನನ್ನ ಡೈರಿಯಲ್ಲಿ ಉಳಿದವು.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಪ್ಲೈವುಡ್ ಗೋಡೆಯಾಚೆಯಿಂದ ರೇಡಿಯೋ ಗರಗರ ಎಂದಿತು. ಮುದುಕನ ಧ್ವನಿಯೇ ಎಂದು ನಾನು ನಂಬಿದ್ದೇನೆ, ಖಚಿತವಿಲ್ಲ. "ಸೆವೆನ್. ಸೆವೆನ್. ಸೆವೆನ್." ಹೊಸ ಆಪರೇಟರ್ ಒಂದು ನಿಮಿಷದೊಳಗೆ ಆಂಬುಲೆನ್ಸ್ ಹೊರಡಿಸಿದ. ಯಾರಿಗೂ ಕಚ್ಚಿರಲಿಲ್ಲ, ಪೈಪಿನ ಕೆಳಗೆ ಕಂಡಿತ್ತು ಅಷ್ಟೆ. ನರ್ಸ್ ಆಮೇಲೆ ಫೋನು ಮಾಡಿ, "ಈ ಸಲ ಮದುವೆಯೂ ಇಲ್ಲ, ಶರಬತ್ತೂ ಇಲ್ಲ ಮಾರ್ರೆ, ಸುಮ್ಮನೆ ಓಡಿದ್ದು" ಎಂದರು.

ಅವತ್ತು ಮಧ್ಯಾಹ್ನ ಗೋದಾಮಿನ ಕಿಟಕಿಗೆ ಹೋದೆ. ಭಾವ ಗ್ಲೋವ್ಸ್ ಜೋಡಿ ಮಾಡಿ ಕಟ್ಟುತ್ತಿದ್ದರು. ಸುದ್ದಿ ಅವರಿಗೆ ಮುಟ್ಟಿತ್ತು. ಕ್ಷಮೆ ಕೇಳಲು ನಾನು ಹೋಗಿರಲಿಲ್ಲ, ಇದನ್ನು ಬರೆಯುತ್ತಿರುವುದೂ ಅದಕ್ಕಲ್ಲ. ಆ ಹಾಳೆ ಮತ್ತೆ ನನ್ನ ಮುಂದೆ ಬಂದರೆ ಮತ್ತೆ ನಂಬರು ಹೊಡೆಯುತ್ತೇನೆ. ಆದರೆ ಒಂದು ವಿಷಯ ನನ್ನನ್ನು ಬಿಟ್ಟಿರಲಿಲ್ಲ. ಭಾವ ಹುಟ್ಟಿದ ಮನೆಯಲ್ಲೂ ನಾಗಬನ ಉಂಟು. ಪ್ರತಿ ವರ್ಷ ಊರಿಗೆ ಹೋದಾಗ ಬನದಲ್ಲಿ ತಂಬಿಲದ ಪೂಜೆ ತಪ್ಪಿಸಿದವರಲ್ಲ. ರೇಡಿಯೋದ ಮೇಲೆ ಗಂಧ ಹಚ್ಚಿದ ಸುಬ್ರಹ್ಮಣ್ಯನ ಪಟ ಇಟ್ಟುಕೊಂಡವರು. ಹನ್ನೊಂದು ವರ್ಷ ಆ ಬಯಲಿನ ಸುದ್ದಿ ಕೇಳಿದವರಿಗೆ, ಬಿಸಿಲಿಳಿದ ಹೊತ್ತಿನಲ್ಲಿ ಪೈಪ್ ರಾಶಿಯ ಹತ್ತಿರ ಮನುಷ್ಯ ಬಿದ್ದ ಎಂದರೆ ಬಿಸಿಲಿನ ಆಯಾಸ ಅಲ್ಲ ಎಂದು ಗೊತ್ತಿಲ್ಲದೆ ಇರುತ್ತದೆಯೇ? ಲಾಗಿನ ಪ್ರಕಾರ ಗಂಟೆ ಐದೂ ಇಪ್ಪತ್ತು. ಮುಸ್ಸಂಜೆ.

ಕಿಟಕಿಯ ಹಲಗೆಯ ಮೇಲೆ ಕೈಯಿಟ್ಟು ಕೇಳಿದೆ. ಇದು ಡೈರಿಯಲ್ಲಿದೆ, ತುಳುವಿನಲ್ಲಿ, ನಾನು ಕೇಳಿದ ಹಾಗೆಯೇ. ಅವರು ಗ್ಲೋವ್ಸ್ ಕಟ್ಟು ಮುಗಿಸಿ, ಮೇಲಿನ ಕಪಾಟಿನಲ್ಲಿ ಇಟ್ಟು, ಬೀಗದ ಕೈ ತೆಗೆದುಕೊಂಡು ಊಟಕ್ಕೆ ಹೋದರು. ಈಗ ಅವರು ಊರಿನಲ್ಲಿದ್ದಾರೆ, ಮಾತು ಮತ್ತೆ ಶುರುವಾಗಿದೆ, ಡಬ್ಬಿಗಳೂ ಓಡಾಡುತ್ತವೆ. ಆ ಒಂದಕ್ಕೆ ಮಾತ್ರ ಇವತ್ತಿನವರೆಗೂ ಉತ್ತರ ಬಂದಿಲ್ಲ.

"ಭಾವ, ಆ ಸಂಜೆ ಅದು ಎಂಥದು ಅಂತ ನಿಮಗೆ ಗೊತ್ತಾಗಿತ್ತಲ್ಲ, ಹೆಸರು ಹೇಳಿ ಕೇಳಲಿಕ್ಕೆ ನಿಮಗೂ ಬಾಯಿ ಬರಲಿಲ್ಲವಾ?"